ಸಮುದ್ರದ ಎಣ್ಣೆಗೆ ಹುಬ್ಬಳ್ಳಿಯ ಕೂದಲು ಕಳಿಸಬೇಕೇ?

ಓದುಗರ ಪ್ರಶ್ನೆ

"ಸರ, ನಾನು ಹುಬ್ಬಳ್ಳಿಯ ಒಂದು ಡಿಗ್ರಿ ಕಾಲೇಜಿನಾಗ ಎನ್‌ಎಸ್‌ಎಸ್ ನೋಡ್ಕೋತೀನಿ. 2025ರ ಮೇ ತಿಂಗಳಾಗ ಕೇರಳದ ಕಡಲಾಗ ಕಂಟೇನರ್ ಹಡಗು ಮುಳುಗಿದಾಗ ನಮ್ಮ ಹುಡುಗ್ರು ಭಾಳ ಮನಸ್ಸಿಗೆ ಹಚ್ಕೊಂಡಿದ್ರು. ಆವಾಗ ಏನೂ ಮಾಡ್ಲಿಕ್ಕೆ ಆಗ್ಲಿಲ್ಲ. ನಾಳೆ ಕಾರವಾರ, ಗೋಕರ್ಣದ ಕಡೆ ಹಂಗಾದ್ರ ನಾವು ತಯಾರಿರಬೇಕು ಅಂತ ಈಗಿಂದನ ಓಡಾಡ್ಲಿಕ್ಕೆ ಹತ್ಯಾರ. ಕೂದಲು ಎಣ್ಣಿ ಹೀರ್ತದ ಅಂತ ವಿಡಿಯೋ ನೋಡಿ, ಕೇಶ್ವಾಪುರ, ದುರ್ಗದಬೈಲ್ ಕಡೆ ಕಟಿಂಗ್ ಅಂಗಡಿಗಳಿಂದ ಹನ್ನೊಂದು ಚೀಲ ಕೂದಲು ಕೂಡಿಸಿ ನಮ್ಮ ರೂಮಿನಾಗ ಇಟ್ಟಾರ. ಈಗ ವಾಸನಿ ಶುರುವಾಗೇದ. ಈ ಕೂದಲು ಎಲ್ಲಿಗೆ ಕಳಿಸೋಣ? ಎಣ್ಣಿ ಚೆಲ್ಲಿದ ಸುದ್ದಿ ಬಂದ್ರ ನಲವತ್ತು ಹುಡುಗ್ರನ್ನ ಬಸ್ಸಿನಾಗ ಕರ್ಕೊಂಡು ದಂಡಿಗೆ ಹೋಗಬಹುದಾ? ಹಕ್ಕಿಗಳನ್ನ ಪಾತ್ರೆ ತೊಳೆಯೋ ಸೋಪಿನಿಂದ ತೊಳೀಬೇಕು ಅಂತಾರ, ಖರೇ ಏನು? ಎಣ್ಣಿ ತಿನ್ನೋ ಬ್ಯಾಕ್ಟೀರಿಯಾ ಪುಡಿ ಅಂತ ಒಬ್ರು ಮಾರಾಟಕ್ಕ ಬಂದಿದ್ರು, ಅದನ್ನ ತಗೊಂಡು ಇಟ್ಕೋಬೇಕಾ? ನನಗ ದಮ್ಮು ಅದ, ಅದನ್ನೂ ಹೇಳಿಬಿಡ್ತೀನಿ. ಇನ್ನೊಂದು, ನಮ್ಮ ಮನ್ಯಾಗ ಮೀನು ತಿಂತೇವಿ. ಅಂಥಾ ಹೊತ್ತಿನಾಗ ತಿನ್ನಬಹುದಾ, ಬಿಡಬೇಕಾ?"

ಉತ್ತರ

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಸಂಕಟ ಒಂದೇ. ಕಡಲು ಘಟ್ಟದ ಆಚೆಗಿದೆ, ಅಲ್ಲಿ ಅನಾಹುತವಾದಾಗ ಇಲ್ಲಿ ಕೈಕಟ್ಟಿ ಕೂರುವುದು ಹೇಗೆ ಎಂಬ ಸಂಕಟ. ನಾನು ಧಾರವಾಡದಲ್ಲಿ ಬೆಳೆದವನು. ಕೆಲಸದ ವರ್ಷಗಳ ಬಹುಪಾಲನ್ನು ದಂಡೆಗೆ ಬಂದ ಎಣ್ಣೆಯ ಹಿಂದೆಯೇ ಕಳೆದೆ. ನೀವು ಹೊರಡಿಸಬೇಕೆಂದಿರುವ ಬಸ್ಸಿನಂಥ ಬಸ್ಸುಗಳು ದಂಡೆಗೆ ಬಂದು ನಿಂತಾಗ ಅವುಗಳನ್ನು ಎದುರುಗೊಂಡವನೂ ಹೌದು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕೂದಲನ್ನು ಕಡಲಿಗೆ ಕಳಿಸಬೇಡಿ. ಬಸ್ಸನ್ನು ಕರೆದಾಗ ಮಾತ್ರ ಹೊರಡಿಸಿ. ಪುಡಿ ಕೊಳ್ಳಬೇಡಿ. ಹುಬ್ಬಳ್ಳಿಯಿಂದಲೇ ಅರಬ್ಬಿ ಸಮುದ್ರಕ್ಕೆ ಹೋಗುವ ಎಣ್ಣೆಯೂ ಒಂದಿದೆ. ಅದನ್ನು ತಡೆಯಲು ನಿಮ್ಮ ಹುಡುಗರಿಗೆ ಯಾರ ಅನುಮತಿಯೂ ಬೇಡ. ಆ ಹನ್ನೊಂದು ಚೀಲದಲ್ಲಿ ಒಂದು ಅಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕೂದಲಿನ ಮಾತು ಸುಳ್ಳಲ್ಲ. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು 37 ಸಾವಿರ ಟನ್ ಕಚ್ಚಾ ತೈಲ ಚೆಲ್ಲಿತು. ಎಣ್ಣೆ ಮೆತ್ತಿಕೊಂಡ ನೀರುನಾಯಿಗಳ ತುಪ್ಪಳವನ್ನು ಟಿವಿಯಲ್ಲಿ ನೋಡಿದ ಅಲಬಾಮಾದ ಕ್ಷೌರಿಕ ಫಿಲ್ ಮೆಕ್‌ಕ್ರೋರಿ, ತುಪ್ಪಳಕ್ಕೆ ಹತ್ತುವ ಎಣ್ಣೆ ನನ್ನ ಅಂಗಡಿಯ ಕೂದಲಿಗೂ ಹತ್ತಬೇಕಲ್ಲ ಎಂದುಕೊಂಡ. ಕೂದಲನ್ನು ಕಾಲುಚೀಲದಲ್ಲಿ ತುಂಬಿ ನೀರಿಗೆ ಸುರಿದ ಹಳೇ ಎಂಜಿನ್ ಆಯಿಲ್ಲಿನ ಮೇಲೆ ಬಿಟ್ಟು ನೋಡಿದ. ಎಣ್ಣೆ ಹತ್ತಿತು. ಒಂದು ಕಿಲೋ ಕೂದಲು ತನ್ನ ತೂಕದ ಹಲವು ಪಟ್ಟು ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳಬಲ್ಲದು. ಒಳಗೆ ಹೀರುವುದಲ್ಲ, ಎಳೆಯ ಹೊರಮೈಗೆ ಅಂಟಿಸಿಕೊಳ್ಳುವುದು. ನಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡಾಗ ಆಗುವುದೂ ಇದೇ.

ಆದರೆ ಆ ಪ್ರಯೋಗ ನಡೆದದ್ದು ನಿಂತ ನೀರಿನಲ್ಲಿ. ಕಡಲಿನ ನೀರು ಯಾವತ್ತೂ ನಿಲ್ಲುವುದಿಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ಅಟ್ಟಣೆ ಸಿಡಿದಾಗ ಅಮೆರಿಕದ ಸಲೂನುಗಳಿಂದ, ನಾಯಿಗಳ ತುಪ್ಪಳ ಕತ್ತರಿಸುವ ಅಂಗಡಿಗಳಿಂದ ಕೂದಲಿನ ಹೊರೆಗಳೇ ಹರಿದುಬಂದವು. ಅಧಿಕಾರಿಗಳು ಬೇಡವೆಂದರು. ಅದೇ ವರ್ಷದ ಫೆಬ್ರವರಿಯಲ್ಲಿ ಟೆಕ್ಸಸ್‌ನ ಒಂದು ಸೋರಿಕೆಯಲ್ಲಿ ಎಣ್ಣೆ ಹಿಡಿಯಲು ನೀರಿನ ಮೇಲೆ ಬಿಡುವ, ಕೂದಲು ತುಂಬಿದ ಉರುಳೆಯನ್ನೂ ಕಾರ್ಖಾನೆಯಲ್ಲಿ ಮಾಡಿದ ಉರುಳೆಯನ್ನೂ ಪಕ್ಕಪಕ್ಕ ಬಿಟ್ಟು ನೋಡಿದ್ದರು. ಕಾರ್ಖಾನೆಯದು ಎಣ್ಣೆ ಹೆಚ್ಚು ಹಿಡಿಯಿತು, ನೀರು ಕಡಿಮೆ ಹಿಡಿಯಿತು. ಕೂದಲಿನದು ಸ್ವಲ್ಪ ಹೊತ್ತಿನಲ್ಲೇ ನೀರು ಕುಡಿದು ಮುಳುಗಿತು. ಮುಳುಗಿದ ಉರುಳೆ ಎಂದರೆ ಎಣ್ಣೆ ಹಿಡಿದ ಕಸವನ್ನು ಕಡಲ ತಳಕ್ಕೆ ನಾವೇ ಇಳಿಸಿದಂತೆ. ಹೀಗಾಗಿ ಜನ ಪ್ರೀತಿಯಿಂದ ಕೊಟ್ಟ ಕೂದಲು ಗೋದಾಮುಗಳಲ್ಲೇ ಉಳಿಯಿತು. ಅದನ್ನು ಸಾಗಿಸಿ, ಇಟ್ಟು, ಕಾಯುವ ಹೊರೆಯೂ ಯಾರದೋ ತಲೆಯ ಮೇಲೆ ಬಿತ್ತು.

ನಿಮ್ಮ ಹನ್ನೊಂದು ಚೀಲಕ್ಕೂ ಕಾರವಾರದಲ್ಲಿ ಅದೇ ಗತಿಯಾಗುತ್ತದೆ. ವಾಸನೆಗೆ ಕಾರಣ ಹಸಿ. ಒದ್ದೆ ಕೂದಲನ್ನು ಚೀಲಕ್ಕೆ ಒತ್ತಿ ತುಂಬಿದ್ದಾರೆ. ಮೊದಲು ತಾಡಪತ್ರಿಯ ಮೇಲೆ ಹರವಿ ಬಿಸಿಲಿಗೆ ಒಣಗಿಸಿ. ಪಕ್ಕದ ಕೊಪ್ಪಳದ ಭಾಗ್ಯನಗರದಲ್ಲಿ ಕೂದಲಿನ ದೊಡ್ಡ ಉದ್ಯಮವೇ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಅಲ್ಲಿಗೆ ಬೇಕಾದದ್ದು ಉದ್ದ ಕೂದಲು, ಕಟಿಂಗ್ ಅಂಗಡಿಯ ತುಂಡು ಕೂದಲಲ್ಲ. ಹತ್ತು ಚೀಲವನ್ನು ಸಗಣಿ, ಸೊಪ್ಪಿನ ಜೊತೆ ತೆಳುವಾಗಿ ಪದರು ಪದರಾಗಿ ತಿಪ್ಪೆಗೆ ಹಾಕಿಸಿ. ಕೂದಲಿನಲ್ಲಿ ಸಾರಜನಕ ಸಮೃದ್ಧವಾಗಿದೆ. ಕೊಳೆಯಲು ತಡವಾಗುತ್ತದೆ, ಆದರೆ ಗೊಬ್ಬರ ಆಗಿಯೇ ಆಗುತ್ತದೆ. ಹನ್ನೊಂದನೆಯದನ್ನು ಎತ್ತಿಡಿ.

ಕಡಲಿಗೆ ಬಿದ್ದ ಎಣ್ಣೆ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಬಸ್ಸಿನ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಕೇರಳದಲ್ಲಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗನ್ನೇ ತೆಗೆದುಕೊಳ್ಳೋಣ. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಅದು 2025ರ ಮೇ 25ರಂದು ಮುಳುಗಿತು. ಅದರಲ್ಲಿದ್ದ 24 ಜನರೂ ಉಳಿದರು. ಹಡಗಿನಲ್ಲಿ 640 ಕಂಟೇನರ್‌ಗಳಿದ್ದವು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು. ಟ್ಯಾಂಕುಗಳಲ್ಲಿ ಸುಮಾರು 84 ಟನ್ ಡೀಸೆಲ್, 367 ಟನ್ ಫರ್ನೇಸ್ ಆಯಿಲ್ ಇತ್ತು. ಈ ಎರಡು ಎಣ್ಣೆಗಳ ಸ್ವಭಾವವೇ ಬೇರೆ. ಡೀಸೆಲ್ ನೀರಿನ ಮೇಲೆ ತೆಳ್ಳಗೆ ಹರಡಿ, ಬಹುಪಾಲು ಒಂದೆರಡು ದಿನದಲ್ಲಿ ಆವಿಯಾಗಿಯೋ ಚದುರಿಯೋ ಹೋಗುತ್ತದೆ. ಆ ಹೊತ್ತಿನಲ್ಲಿ ಅದರ ಹೊಗೆ ಉಸಿರಿಗೆ ಕೆಟ್ಟದ್ದು. ಫರ್ನೇಸ್ ಆಯಿಲ್ ಎಂದರೆ ಹೆಚ್ಚುಕಡಿಮೆ ತೆಳು ಡಾಂಬರು. ಅದು ಹೋಗುವುದಿಲ್ಲ. ಅಲೆಗಳು ಕಡೆದಂತೆಲ್ಲ ನೀರನ್ನು ಒಳಗೆ ಸೇರಿಸಿಕೊಂಡು ಗಟ್ಟಿಯಾಗಿ ಉಬ್ಬುತ್ತದೆ. ಒಂದು ಟನ್ ಚೆಲ್ಲಿದ್ದು ಮೂರು ನಾಲ್ಕು ಟನ್ ಕಂದು ರಾಡಿಯಾಗಿ ದಂಡೆಗೆ ಬರುತ್ತದೆ. ಉಳಿದದ್ದು ಒಡೆದು ಉಂಡೆಗಟ್ಟುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಗೋವಾ, ಕಾರವಾರದ ಮರಳಿನಲ್ಲಿ ಕಾಲಿಗೆ ಅಂಟುವ ಕರಿ ಉಂಡೆಗಳು ಈ ಜಾತಿಯವೇ.

ಎಣ್ಣೆ ನೀರಿನ ಪ್ರವಾಹದ ಜೊತೆಗೆ, ಗಾಳಿಯ ವೇಗದ ನೂರಕ್ಕೆ ಮೂರು ಪಾಲಿನ ವೇಗದಲ್ಲಿ ಸಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ಗಾಳಿ ದಂಡೆಯ ಕಡೆ ಬೀಸುತ್ತಿದ್ದರೆ, 30 ಕಿಲೋಮೀಟರ್ ದೂರದಲ್ಲಿ ಚೆಲ್ಲಿದ ಎಣ್ಣೆ ಬರಲು ಹತ್ತಿರ ಹತ್ತಿರ ಒಂದು ದಿನ ಬೇಕು. ಆ ಒಂದು ದಿನ ಬಹಳ ಬೆಲೆಯುಳ್ಳದ್ದು, ನೆನಪಿಟ್ಟುಕೊಳ್ಳಿ. ಅದು ಯಾವ ದಂಡೆಗೆ, ಯಾವಾಗ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ಹೇಳುವ ಕೆಲಸವನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮಾಡುತ್ತದೆ. ಕಡಲ ಮೇಲಿನ ಕಾರ್ಯಾಚರಣೆಯ ಹೊಣೆ ಕೋಸ್ಟ್ ಗಾರ್ಡ್‌ನದು. 1996ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಯೋಜನೆಯಲ್ಲಿ ಅದು ಸ್ಪಷ್ಟವಾಗಿದೆ. ದಂಡೆಯ ಕೆಲಸವನ್ನು ಜಿಲ್ಲಾಡಳಿತ, ಮಾಲಿನ್ಯ ನಿಯಂತ್ರಣ ಮಂಡಳಿ, ಬಂದರು ಸೇರಿ ಮಾಡುತ್ತವೆ.

ಇದು ನಮಗೆ ದೂರದ ಕಥೆಯೂ ಅಲ್ಲ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದೆದುರಿನ ಆಯ್‌ಸ್ಟರ್ ರಾಕ್ ಬಂಡೆಗೆ ಸಿಕ್ಕಿಕೊಂಡಿತ್ತು. ಅದರ ಎಣ್ಣೆ ಕಾರವಾರದ ದಂಡೆಗೂ ಗೋವಾದ ದಕ್ಷಿಣದ ದಂಡೆಗೂ ಬಂತು. ತಾರೀಖು ನೋಡಿ: ಎಲ್ಸಾ ಮೇ 25, ಸೆರಾಯಾ ಮೇ 30. ಮುಂಗಾರು ಕಾಲಿಡುವ ಹೊತ್ತು. ಬೂಮ್ ಎಂದು ಕರೆಯುವ ತೇಲುವ ತಡೆಗೋಡೆ, ಎಣ್ಣೆಯನ್ನು ಮೇಲಿನಿಂದ ಕೆನೆಯಂತೆ ತೆಗೆಯುವ ಸ್ಕಿಮ್ಮರ್ ಯಂತ್ರ ಎರಡೂ ಶಾಂತ ನೀರಿನ ಸಾಧನಗಳು. ಮಳೆಗಾಲದ ಅಲೆ ಅವುಗಳ ಮೇಲೆ ಹಾದುಹೋಗುತ್ತದೆ. ಆದ್ದರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಲ್ಲಿ ಎಣ್ಣೆ ಚೆಲ್ಲಿದರೆ ಬಹುಪಾಲು ಕೆಲಸ ದಂಡೆಯ ಮೇಲೆಯೇ, ಸಲಿಕೆ ಬುಟ್ಟಿಗಳಲ್ಲೇ ನಡೆಯಬೇಕಾಗುತ್ತದೆ. ಜನ ಬೇಕಾಗುವುದೂ ಅಲ್ಲಿಯೇ, ಜನರಿಂದ ಕೆಡುವುದೂ ಅಲ್ಲಿಯೇ.

ಬಸ್ಸು ಯಾವಾಗ ಹೊರಡಬೇಕು

ಒಂದು ಅನುಭವ ಹೇಳುತ್ತೇನೆ. ಪಶ್ಚಿಮ ಕರಾವಳಿಯ ಒಂದು ದಂಡೆಗೆ ರಾತ್ರಿ ಎಣ್ಣೆ ಬಂದಿತ್ತು. ಮರಳಿನ ಮೇಲೆ ಅಂಗೈ ದಪ್ಪದ ಪಟ್ಟಿ. ನಾವು ಗುರುತು ಹಾಕಿ, ಓಡಾಟದ ದಾರಿ ಬಿಟ್ಟು, ಮುಂಜಾನೆ ಮೇಲಿನ ಪದರವನ್ನಷ್ಟೇ ಕೆರೆದು ತೆಗೆಯಬೇಕೆಂದಿದ್ದೆವು. ಎಂಟು ಗಂಟೆಗೆ ಮೂರು ಬಸ್ಸು ಬಂದವು. ನೂರೈವತ್ತು ಹುಡುಗರು, ಹೊಸ ಬಕೆಟ್ಟುಗಳು, ಬರಿಗಾಲು. ಅವರ ಮುಖದಲ್ಲಿದ್ದ ಆಸೆ ನೋಡಿ ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ. ಒಂದು ಗಂಟೆಯಲ್ಲಿ ಅವರ ಹೆಜ್ಜೆಗಳೇ ಎಣ್ಣೆಯನ್ನು ಮರಳಿನೊಳಗೆ ಗೇಣುದ್ದ ತುಳಿದಿದ್ದವು. ಮಧ್ಯಾಹ್ನದ ಭರತ ಅದರ ಮೇಲೆ ಶುದ್ಧ ಮರಳು ಹಾಸಿಹೋಯಿತು. ಕಣ್ಣಿಗೆ ದಂಡೆ ಸ್ವಚ್ಛ! ಮುಂದೆ ಹದಿನೈದು ದಿನ ಜೆಸಿಬಿಯಿಂದ ಅಗೆದು ತೆಗೆದೆವು. ಆ ದಿನ ನಾಲ್ಕೈದು ಹುಡುಗರು ತಲೆಸುತ್ತಿ ಕೂತರು, ಒಬ್ಬಳು ವಾಂತಿ ಮಾಡಿಕೊಂಡಳು. ನಿಲ್ಲಿಸದೆ ಹೋದದ್ದು ನನ್ನ ತಪ್ಪು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಕಸದ ಲೆಕ್ಕವನ್ನೂ ನೋಡಿ. 1999ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ದಂಡೆಯಲ್ಲಿ ಎರಿಕಾ ಹಡಗಿನಿಂದ ಚೆಲ್ಲಿದ್ದು ಸುಮಾರು 20 ಸಾವಿರ ಟನ್. ಬಳಿದು ಕೂಡಿಸಿದ ಕಸ 2 ಲಕ್ಷ ಟನ್ನಿಗೂ ಮೇಲೆ. ಎಣ್ಣೆ ಹತ್ತಿದ ಮರಳು, ಕಡ್ಡಿ, ಬಾಟಲಿ, ಬಟ್ಟೆ, ಕೈಗವಸು ಎಲ್ಲವೂ ಅಪಾಯಕಾರಿ ತ್ಯಾಜ್ಯ. ಒಬ್ಬ ಅನನುಭವಿ ಒಂದು ಬಕೆಟ್ ಎಣ್ಣೆಗೆ ಹತ್ತು ಬಕೆಟ್ ಒಳ್ಳೆಯ ಮರಳನ್ನು ತುಂಬುತ್ತಾನೆ. ಅಷ್ಟನ್ನೂ ಎಲ್ಲೋ ಸಾಗಿಸಿ ಸಂಸ್ಕರಿಸಬೇಕು.

ಹಾಗೆಂದು ಜನರೇ ಬೇಡವೆಂದು ಹೇಳಲಾರೆ. 2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯಾದ ತೇಆನ್ ದಂಡೆಯಲ್ಲಿ ಹೆಬೈ ಸ್ಪಿರಿಟ್ ಹಡಗಿನಿಂದ ಹತ್ತು ಸಾವಿರ ಟನ್ನಿಗೂ ಹೆಚ್ಚು ತೈಲ ಚೆಲ್ಲಿದಾಗ, ಹನ್ನೆರಡು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಸರದಿಯಲ್ಲಿ ಬಂದು ಕಲ್ಲುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿದರು. ಆ ದಂಡೆ ಬದುಕಿತು. ಆದರೆ ಅವರಲ್ಲಿ ಅನೇಕರಿಗೆ ತಲೆನೋವು, ಕಣ್ಣುರಿ, ಉಸಿರಿನ ತೊಂದರೆ ಆದದ್ದನ್ನು ಅಲ್ಲಿಯ ವೈದ್ಯರು ದಾಖಲಿಸಿದ್ದಾರೆ. 2002ರ ಪ್ರೆಸ್ಟೀಜ್ ಸೋರಿಕೆಯ ನಂತರ ಸ್ಪೇನಿನಲ್ಲಿ ಎಣ್ಣೆ ಬಳಿದ ಮೀನುಗಾರರಿಗೆ ಉಸಿರಾಟದ ತೊಂದರೆ ವರ್ಷಗಟ್ಟಲೆ ಉಳಿಯಿತು. ನಮ್ಮಲ್ಲಿ 2017ರ ಜನವರಿ 28ರಂದು ಚೆನ್ನೈ ಬಳಿ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ವಿದ್ಯಾರ್ಥಿಗಳು, ಮೀನುಗಾರರು ಬಕೆಟ್ಟಿನಲ್ಲಿ ರಾಡಿ ಮೊಗೆಯುವ ಚಿತ್ರಗಳನ್ನು ನೀವು ನೋಡಿರಬೇಕು. ಆ ಚಿತ್ರ ನೋಡಿದಾಗ ಅವರ ಬಗ್ಗೆ ಹೆಮ್ಮೆಯಾಗುತ್ತದೆ, ಆ ಬರಿಗೈಗಳನ್ನು ನೋಡಿ ಹೊಟ್ಟೆ ಉರಿಯುತ್ತದೆ.

ನಿಮ್ಮ ನಲವತ್ತು ಹುಡುಗರಿಗೆ ಅತಿ ಒಳ್ಳೆಯ ಕೆಲಸ ಇರುವುದು ಎಣ್ಣೆ ಬರುವ ಮುಂಚಿನ ಆ ಒಂದು ದಿನದಲ್ಲಿ. ಎಣ್ಣೆ ಮುಟ್ಟಬಹುದಾದ ದಂಡೆಯಲ್ಲಿ ಭರತದ ಗೆರೆಯ ಸುತ್ತ ಬಿದ್ದ ಪ್ಲಾಸ್ಟಿಕ್, ಹರಿದ ಬಲೆ, ತೆಂಗಿನ ಗರಿ, ಚಪ್ಪಲಿ, ಥರ್ಮಾಕೋಲ್ ಎಲ್ಲವನ್ನೂ ಎತ್ತಿ ಮೇಲಕ್ಕೆ ಸಾಗಿಸುವುದು. ಎಣ್ಣೆ ಹತ್ತುವ ಮುಂಚೆ ಎತ್ತಿದರೆ ಅದು ಬರೀ ಕಸ. ಹತ್ತಿದ ಮೇಲೆ ವಿಷದ ಕಸ. ಈ ಕೆಲಸಕ್ಕೆ ತರಬೇತಿ ಬೇಡ, ಆರೋಗ್ಯಕ್ಕೆ ಅಪಾಯವಿಲ್ಲ, ಕೈ ಎಷ್ಟಿದ್ದರೂ ಸಾಲದು. ಆದರೆ ಜಿಲ್ಲಾಡಳಿತ ಯಾವ ದಂಡೆ ಎಂದು ಹೇಳಿದ ಮೇಲೆಯೇ ಹೊರಡಬೇಕು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವುದಕ್ಕೇ ಅರ್ಧ ದಿನ ಹೋಗುತ್ತದೆ. ತಪ್ಪು ದಂಡೆಗೆ ಇಳಿದರೆ ದಿನವೇ ಹೋಯಿತು. ಈಗಲೇ ಉತ್ತರ ಕನ್ನಡ ಜಿಲ್ಲಾಧಿಕಾರಿ ಕಚೇರಿಗೆ ಒಂದು ಪತ್ರ ಬರೆದು, ಇಷ್ಟು ಜನ, ಇಂಥ ವಯಸ್ಸಿನವರು, ಬಸ್ಸು ನಮ್ಮದೇ, ಊಟ ನಮ್ಮದೇ, ಕರೆದರೆ ಬರುತ್ತೇವೆ ಎಂದು ಹೆಸರು ಕೊಟ್ಟಿಡಿ. ಸುದ್ದಿ ಬಂದ ರಾತ್ರಿ ಅಧಿಕಾರಿಗಳು ಹುಡುಕುವುದು ಇಂಥ ಪಟ್ಟಿಯನ್ನೇ.

ಎಣ್ಣೆ ಬಂದ ಮೇಲೂ ಕರೆದರೆ ಹೋಗಬಹುದು. ಹದಿನೆಂಟು ತುಂಬದವರು, ಬಸುರಿಯರು, ದಮ್ಮು, ಚರ್ಮದ ಕಾಯಿಲೆ ಇರುವವರು ಎಣ್ಣೆಯ ಹತ್ತಿರ ಹೋಗಬಾರದು. ತೆಳು ಪ್ಲಾಸ್ಟಿಕ್ ಕೈಗವಸು ಹರಿಯುತ್ತದೆ. ನೈಟ್ರೈಲ್ ಕೈಗವಸು, ಮೊಣಕಾಲವರೆಗಿನ ಗಮ್‌ಬೂಟು, ಉದ್ದ ತೋಳಿನ ಅಂಗಿ ಬೇಕು. ಬಟ್ಟೆಯ ಮಾಸ್ಕ್ ಎಣ್ಣೆಯ ಹೊಗೆಯನ್ನು ತಡೆಯುವುದಿಲ್ಲ. ಪೆಟ್ರೋಲ್ ಬಂಕಿನಂತೆ ವಾಸನೆ ಬಂದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಎಣ್ಣೆಯಿಂದ ದೂರ ಸರಿಯಬೇಕು, ಅಷ್ಟೇ. ಮೈಗೆ ಹತ್ತಿದರೆ ಸೀಮೆಎಣ್ಣೆ, ಪೆಟ್ರೋಲ್ ಹಚ್ಚಿ ತಿಕ್ಕಬೇಡಿ. ಅಡುಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು.

ದಂಡೆಗೆ ಬಂದದ್ದು ಎಣ್ಣೆಯಲ್ಲದೆ ಬೇರೆಯೂ ಆಗಿರಬಹುದು. ಎಲ್ಸಾ ಮುಳುಗಿದಾಗ ತಿರುವನಂತಪುರದ ದಂಡೆಗಳಿಗೆ ಬಿಳಿ ಪ್ಲಾಸ್ಟಿಕ್ ಹರಳುಗಳು ಸಾಬುದಾನಿಯಂತೆ ಬಂದು ಬಿದ್ದವು. ಅವನ್ನು ಜರಡಿ ಹಿಡಿದು ಹೆಕ್ಕುವ ಕೆಲಸಕ್ಕೆ ಸ್ವಯಂಸೇವಕರು ನಿಜವಾಗಿಯೂ ಉಪಯೋಗಕ್ಕೆ ಬಂದರು. ಅದೇ ಹಡಗಿನ ಹನ್ನೆರಡು ಕಂಟೇನರ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅದಕ್ಕೆ ನೀರು ತಾಗಿದರೆ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ತೇಲಿ ಬಂದ ಡಬ್ಬಿ, ಚೀಲ, ಕಂಟೇನರ್ ಏನೇ ಇರಲಿ, ದೂರ ನಿಂತು ಫೋಟೋ ತೆಗೆದು ಕೋಸ್ಟ್ ಗಾರ್ಡ್‌ನ 1554ಕ್ಕೋ ಪೊಲೀಸರಿಗೋ ತಿಳಿಸಿ.

ಹಕ್ಕಿ, ಸೋಪು, ಪುಡಿ

ಪಾತ್ರೆ ಸೋಪಿನಿಂದ ಹಕ್ಕಿಯನ್ನು ತೊಳೆಯುವುದು ಖರೇ. ಆದರೆ ಅದು ಕೊನೆಯ ಹೆಜ್ಜೆ. ವಿಡಿಯೋದಲ್ಲಿ ಅದೊಂದೇ ಕಾಣುತ್ತದೆ. ಎಣ್ಣೆ ಹತ್ತಿದ ಗರಿ ನೀರು ತಡೆಯುವುದಿಲ್ಲ, ಹಕ್ಕಿ ಚಳಿಯಿಂದ ನಡುಗುತ್ತದೆ. ಗರಿ ಸರಿಮಾಡಿಕೊಳ್ಳಲು ಕೊಕ್ಕು ಹಾಕಿ ಎಣ್ಣೆ ನುಂಗುತ್ತದೆ, ಕರುಳು ಸುಡುತ್ತದೆ. ಅಂಥ ಹಕ್ಕಿಯನ್ನು ಹಿಡಿದ ಕೂಡಲೇ ನೀರಿಗೆ ಅದ್ದಿ ತಿಕ್ಕಿದರೆ ಗಾಬರಿ, ಚಳಿಗೇ ಸಾಯುತ್ತದೆ. ಪರಿಣತರು ಮೊದಲು ಬೆಚ್ಚಗಿಟ್ಟು, ದ್ರವ ಕೊಟ್ಟು, ಸುಧಾರಿಸಿದ ಮೇಲೆಯೇ ತೊಳೆಯುತ್ತಾರೆ. 2000ದ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಳಿ ಟ್ರೆಷರ್ ಹಡಗು ಮುಳುಗಿದಾಗ ಸುಮಾರು 19 ಸಾವಿರ ಪೆಂಗ್ವಿನ್‌ಗಳಿಗೆ ಎಣ್ಣೆ ಹತ್ತಿತ್ತು. ಸಾವಿರಾರು ಸ್ವಯಂಸೇವಕರು ಪರಿಣತರ ಕೈಕೆಳಗೆ ತಿಂಗಳುಗಟ್ಟಲೆ ದುಡಿದು ಅವುಗಳಲ್ಲಿ ಬಹುಪಾಲನ್ನು ಉಳಿಸಿದರು. ಇನ್ನೂ ಎಣ್ಣೆ ಹತ್ತದಿದ್ದ ಅಷ್ಟೇ ಪೆಂಗ್ವಿನ್‌ಗಳನ್ನು ಹಿಡಿದು ದೂರದ ಪೋರ್ಟ್ ಎಲಿಜಬೆತ್‌ನಲ್ಲಿ ಬಿಟ್ಟರು. ಅವು ಈಜಿ ಮನೆಗೆ ಮರಳುವಷ್ಟರಲ್ಲಿ ಕಡಲು ಸ್ವಚ್ಛವಾಗಿತ್ತು. ಸ್ವಯಂಸೇವೆ ಎಂದರೆ ನನಗೆ ಮೊದಲು ನೆನಪಾಗುವುದು ಈ ಕಥೆ.

ನಿಮಗೆ ದಂಡೆಯಲ್ಲಿ ಎಣ್ಣೆ ಮೆತ್ತಿದ ಹಕ್ಕಿ ಸಿಕ್ಕರೆ ಟವೆಲ್ ಹಾಕಿ, ಕೊಕ್ಕಿನಿಂದ ಕಣ್ಣು ಉಳಿಸಿಕೊಂಡು ಎತ್ತಿ, ಗಾಳಿ ಆಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಇಡಿ. ನೀರು ಹನಿಸಬೇಡಿ, ಮೀನು ತಿನ್ನಿಸಬೇಡಿ, ಫೋಟೋಗೆಂದು ಹೊರಗೆ ತೆಗೆಯಬೇಡಿ. ಅರಣ್ಯ ಇಲಾಖೆಗೆ ಕೊಡಿ. ಆಮೆ ಇದ್ದರೆ ಮತ್ತೆ ನೀರಿಗೆ ತಳ್ಳಬೇಡಿ, ನೆರಳಿನಲ್ಲಿಟ್ಟು ಕರೆ ಮಾಡಿ. ನಮ್ಮ ದಂಡೆಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ ಆಮೆಗಳು 1972ರ ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ. ಮನೆಗೆ ಒಯ್ದು ಉಪಚರಿಸುವುದೂ ಅಪರಾಧವಾಗುತ್ತದೆ.

ಸೋಪನ್ನು ಕಡಲಿಗೆ, ಕಲ್ಲಿಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. 1967ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ದಂಡೆಯಲ್ಲಿ ಟೊರಿ ಕ್ಯಾನ್ಯನ್ ಹಡಗಿನ ಎಣ್ಣೆ ತೊಳೆಯಲು ಸುಮಾರು ಹತ್ತು ಸಾವಿರ ಟನ್ ಡಿಟರ್ಜೆಂಟ್ ಸುರಿದರು. ಎಣ್ಣೆಯಿಂದ ಸತ್ತ ಜೀವಿಗಳಿಗಿಂತ ಡಿಟರ್ಜೆಂಟಿನಿಂದ ಸತ್ತವೇ ಹೆಚ್ಚು. ಅಲಾಸ್ಕದಲ್ಲಿ ಬಿಸಿನೀರಿನ ರಭಸದಿಂದ ತೊಳೆದ ಬಂಡೆಗಳಲ್ಲಿ, ತೊಳೆಯದೆ ಬಿಟ್ಟ ಬಂಡೆಗಳಿಗಿಂತ ಜೀವ ಮರಳುವುದು ತಡವಾಯಿತು. ಎಣ್ಣೆಯನ್ನು ಚದುರಿಸುವ ರಾಸಾಯನಿಕಗಳನ್ನು ಈಗಲೂ ಬಳಸುತ್ತಾರೆ. ಆದರೆ ಅದಕ್ಕೆ ಕೋಸ್ಟ್ ಗಾರ್ಡ್ ಅನುಮತಿ ಬೇಕು.

ಬ್ಯಾಕ್ಟೀರಿಯಾ ಪುಡಿಯ ಹಿಂದಿನ ವಿಜ್ಞಾನ ಗಟ್ಟಿಯಾದದ್ದು. ನಮ್ಮವರೇ ಆದ ಆನಂದ ಮೋಹನ ಚಕ್ರವರ್ತಿ ಅಮೆರಿಕದಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದರು. ಜೀವಿಯೊಂದಕ್ಕೆ ಪೇಟೆಂಟ್ ಕೊಡಬಹುದೆಂದು 1980ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ಪ್ರಕರಣದಲ್ಲಿ. ದೆಹಲಿಯ ಟೆರಿ ಸಂಸ್ಥೆಯ 'ಆಯಿಲ್‌ಜ್ಯಾಪರ್' ರಿಫೈನರಿಗಳ ಎಣ್ಣೆ ಕೆಸರನ್ನು ತಿನ್ನಿಸಲು ಬಳಕೆಯಲ್ಲಿದೆ. ಆದರೆ ಅಲ್ಲಿ ಮಣ್ಣು ಉತ್ತು, ಗಾಳಿಯಾಡಿಸಿ, ಗೊಬ್ಬರ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಅಲೆ ಬಡಿಯುವ ಕಡಲಿಗೆ ಪುಡಿ ಎರಚಿದರೆ ಅದು ತೊಳೆದುಹೋಗುತ್ತದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಕಡಲಲ್ಲಿ ಮೊದಲಿನಿಂದಲೂ ಇದ್ದೇ ಇವೆ. ಅವುಗಳಿಗೆ ಕಡಿಮೆ ಬೀಳುವುದು ಆಮ್ಲಜನಕ ಮತ್ತು ಪೋಷಕಾಂಶ. ಆ ಹಣದಲ್ಲಿ ಗಮ್‌ಬೂಟು ಕೊಳ್ಳಿ.

ದಂಡೆಗೆ ಇಳಿಯದೆ ಮಾಡುವ ಕೆಲಸ

ಇದನ್ನು ಯಾರೂ ಕೆಲಸ ಎಂದೇ ಎಣಿಸುವುದಿಲ್ಲ, ಆದರೆ ನನ್ನ ಅನುಭವದಲ್ಲಿ ಅತಿ ಕೊರತೆ ಇರುವುದು ಇದಕ್ಕೇ. ಹಡಗಿಗೆ ವಿಮೆ ಇರುತ್ತದೆ. ಮಾಲಿನ್ಯ ಮಾಡಿದವನೇ ತೆರಬೇಕೆಂಬ ಅಂತಾರಾಷ್ಟ್ರೀಯ ಒಪ್ಪಂದಗಳಿಗೆ ಭಾರತವೂ ಸೇರಿದೆ. ಎಲ್ಸಾ ಪ್ರಕರಣದಲ್ಲಿ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಕೇಳಿತು. ಆದರೆ ಪರಿಹಾರ ಸಿಗುವುದು ಕಾಗದಕ್ಕೆ. ಟ್ರಾಲರ್ ಮಾಲೀಕನ ಹತ್ತಿರ ಡೀಸೆಲ್ ಬಿಲ್ ಇರುತ್ತದೆ, ಹರಾಜಿನ ಚೀಟಿ ಇರುತ್ತದೆ. ರಂಪಣಿ ಬಲೆ ಎಳೆದು ದಿನಗೂಲಿ ಪಡೆಯುವವನ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿನ, ಬಳಚು ಹೆಕ್ಕುವವರ ಹತ್ತಿರ ಏನಿದೆ? ದಿನ, ಸ್ಥಳ, ನಷ್ಟ, ಫೋಟೋ, ಸಾಕ್ಷಿ ಇವನ್ನು ಮೊದಲ ವಾರದಲ್ಲೇ ಬರೆದಿಡಬೇಕು. ಇಂಥ ಒಪ್ಪಂದಗಳಲ್ಲಿ ಹಕ್ಕು ಕೇಳಲು ಇರುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಮೊದಲ ವಾರದ ದಾಖಲೆ ಇಲ್ಲದೆ ಮೂರನೆಯ ವರ್ಷದಲ್ಲಿ ಏನನ್ನೂ ಸಾಬೀತು ಮಾಡಲಾಗುವುದಿಲ್ಲ. ನಿಮ್ಮ ವಾಣಿಜ್ಯ ವಿಭಾಗದ ಹತ್ತು ಹುಡುಗರು, ಕೊಂಕಣಿ ಬರುವ ಇಬ್ಬರು, ಒಂದು ಟೇಬಲ್, ಒಂದು ನೋಟುಪುಸ್ತಕ ಇದ್ದರೆ ಸಾಕು, ಒಂದು ಊರಿಗೇ ಆಸರೆಯಾಗುತ್ತೀರಿ. ಮೇಡಂ, ನಿಮ್ಮ ಜಾಗ ಈ ಟೇಬಲ್ಲಿನ ಹಿಂದೆ. ದಮ್ಮು ಇಟ್ಟುಕೊಂಡು ಎಣ್ಣೆಯ ಹತ್ತಿರ ಸುಳಿಯಬೇಡಿ.

ದೇಣಿಗೆ ಕೇಳುವ ಕ್ಯೂಆರ್ ಕೋಡುಗಳು ಅನಾಹುತದ ಮರುದಿನವೇ ಹುಟ್ಟುತ್ತವೆ. ಸರ್ಕಾರದ ಪರಿಹಾರ ನಿಧಿಗೋ, ನೀವು ಮುಖ ನೋಡಿ ಬಲ್ಲ ಸಂಘಕ್ಕೋ ಕೊಡಿ.

ಮೀನು ತಿನ್ನಬಹುದೇ? ಬಂಗಡೆ, ಇಸ್ವಾಣದಂಥ ಈಜುವ ಮೀನುಗಳು ಎಣ್ಣೆಯಿಂದ ದೂರ ಸರಿಯುತ್ತವೆ. ಸ್ವಲ್ಪ ಮೈಗೆ ಸೇರಿದರೂ ಅವುಗಳ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬಳಚು, ನೀಲಿಕಲ್ಲು, ಸಿಂಪಿಗಳು ಒಂದೇ ಕಡೆ ಕೂತು ನೀರು ಸೋಸಿ ತಿನ್ನುವಂಥವು. ಅವಕ್ಕೆ ಹಾಗೆ ಒಡೆಯುವ ಶಕ್ತಿ ತೀರ ಕಡಿಮೆ, ಎಣ್ಣೆ ಮೈಯಲ್ಲೇ ಉಳಿಯುತ್ತದೆ. ಆದ್ದರಿಂದ ಎಣ್ಣೆ ಬಂದ ದಂಡೆಯ ಚಿಪ್ಪಿನ ಜೀವಿಗಳನ್ನು ಪರೀಕ್ಷೆಯ ವರದಿ ಬರುವವರೆಗೆ ಬಿಡಿ. ಮೀನಿನಲ್ಲಿ ಡೀಸೆಲ್ ವಾಸನೆ ಇದ್ದರೆ ಬಿಡಿ. ಇಲಾಖೆ ಮೀನುಗಾರಿಕೆ ನಿಲ್ಲಿಸಿದ ಜಾಗದ ಮೀನು ಬೇಡ. ಉಳಿದಂತೆ ಎಲ್ಲ ಮೀನನ್ನೂ ಬಿಟ್ಟುಬಿಡಬೇಡಿ. ನೀವು ಹೆದರಿ ಕೊಳ್ಳುವುದು ನಿಲ್ಲಿಸಿದರೆ, ಎಣ್ಣೆ ಮುಟ್ಟದ ಊರಿನ ಮೀನುಗಾರನೂ ಹಸಿವಿನಲ್ಲಿ ಮಲಗುತ್ತಾನೆ.

ನಮ್ಮ ಊರಿನ ಎಣ್ಣೆ

ಇನ್ನು ನಾನು ಎತ್ತಿಡಲು ಹೇಳಿದ ಚೀಲ. ಧಾರವಾಡ ನೀರು ಹಂಚುವ ದಿಬ್ಬದ ಮೇಲಿದೆ. ಮೂಡಣಕ್ಕೆ ಬಿದ್ದ ಮಳೆ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಗದಗ, ಹಾವೇರಿಯ ನೀರೂ ಅತ್ತಲೇ. ಆದರೆ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯೂ ಉಣಕಲ್ಲಿನಿಂದ ಹುಬ್ಬಳ್ಳಿಯ ನಡುವೆ ಹರಿಯುವ ನಾಲಾವೂ ಪಡುವಣಕ್ಕೆ ತಿರುಗಿ ಬೇಡ್ತಿಯಾಗುತ್ತವೆ. ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿಯೆಂಬ ಹೆಸರು ಪಡೆದು, ಅಂಕೋಲೆ ಮತ್ತು ಗೋಕರ್ಣದ ನಡುವೆ ಕಡಲು ಸೇರುತ್ತದೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದದ್ದು ಈ ಹೊಳೆಯ ದಂಡೆಯಲ್ಲೇ. ಅಂದರೆ ನಿಮ್ಮ ಕಾಲೇಜಿನ ಪಕ್ಕದ ಗ್ಯಾರೇಜಿನ ಮುಂದೆ ಮಳೆನೀರಿನ ಮೇಲೆ ಕಾಣುವ ಕಾಮನಬಿಲ್ಲಿನ ಬಣ್ಣದ ಪೊರೆಯ ದಾರಿಯೂ ಅದೇ. ಅದಕ್ಕೂ ಮೊದಲು ಅದು ಬಿಡನಾಳ, ಕಟ್ನೂರು, ಮಾವನೂರಿನ ಕಡೆ ನಾಲಾ ನೀರಿನಲ್ಲಿ ಬೆಳೆಯುವ ಕಾಯಿಪಲ್ಲೆಯ ಬುಡ ಮುಟ್ಟುತ್ತದೆ. ಹಡಗು ಮುಳುಗಿದರೆ ಸುದ್ದಿ. ಆದರೆ ಕಡಲಿಗೆ ಸೇರುವ ಎಣ್ಣೆಯಲ್ಲಿ ನೆಲದ ಮೇಲಿನಿಂದ ತೊಳೆದುಹೋಗುವ ಪಾಲು ಬಹಳ ದೊಡ್ಡದು. ಉತ್ತರ ಅಮೆರಿಕದ ಕಡಲುಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಮೂಲವೆಂದು ಅಲ್ಲಿಯ ರಾಷ್ಟ್ರೀಯ ಅಕಾಡೆಮಿಗಳ 2022ರ ವರದಿ ಹೇಳಿತು.

ಗ್ಯಾರೇಜಿನವರನ್ನು ಬಯ್ಯಲು ಹೋಗಬೇಡಿ. ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲ್ಲಿಗೆ ಬೆಲೆ ಇದೆ, ಅದನ್ನು ಅವರು ಡ್ರಮ್ಮಿನಲ್ಲಿ ಕೂಡಿಟ್ಟು ಮಾರುತ್ತಾರೆ. ಯಾರಿಗೆ ಎನ್ನುವುದೇ ಪ್ರಶ್ನೆ. ಸೆಂಟ್ರಿಂಗ್ ಹಲಗೆಗೆ ಹಚ್ಚಲು, ಭಟ್ಟಿಗೆ ಸುರಿಯಲು ಹೋಗುವುದುಂಟು. ನಿಯಮದ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಆ ಹೊಣೆ ಬಿದ್ದಿದೆ. ನಾಲಾಕ್ಕೆ ಹೋಗುವುದು ಡ್ರಮ್ಮಿನ ಎಣ್ಣೆಯಲ್ಲ. ನೆಲಕ್ಕೆ ಸೋರಿದ್ದು, ಫಿಲ್ಟರಿನಲ್ಲಿ ಉಳಿದದ್ದು, ಗಾಡಿ ತೊಳೆದ ನೀರು. ಫಿಲ್ಟರನ್ನು ಒಂದು ರಾತ್ರಿ ಡಬ್ಬಿಯ ಮೇಲೆ ಬೋರಲು ಹಾಕಿದರೆ ಒಳಗಿನ ಎಣ್ಣೆಯ ಬಹುಪಾಲು ಇಳಿಯುತ್ತದೆ. ತೊಳೆದ ನೀರಿಗೆ ಎರಡು ಕೋಣೆಯ ಚಿಕ್ಕ ಗುಂಡಿ ಸಾಕು. ಮೊದಲ ಕೋಣೆಯಲ್ಲಿ ಎಣ್ಣೆ ಮೇಲೆ ತೇಲುತ್ತದೆ, ನೀರು ತಳದಲ್ಲಿಟ್ಟ ಬಾಗಿದ ಪೈಪಿನಿಂದ ಎರಡನೆಯದಕ್ಕೆ ಹೋಗಿ ಹೊರಬೀಳುತ್ತದೆ. ಇಟ್ಟಿಗೆ, ಸಿಮೆಂಟು, ಒಂದು ಎಲ್ಬೋ, ಗೌಂಡಿಯ ಒಂದು ದಿನದ ಕೆಲಸ.

ಆ ಮೊದಲ ಕೋಣೆಯ ನೀರು ನಿಂತ ನೀರು. ಅಲ್ಲಿ ಕೂದಲು ಕೆಲಸ ಮಾಡುತ್ತದೆ. ಎಪಿಎಂಸಿಯಲ್ಲಿ ಸಿಗುವ ಉಳ್ಳಾಗಡ್ಡಿಯ ಜಾಲರಿ ಚೀಲದಲ್ಲಿ ಒಣ ಕೂದಲು ಸಡಿಲವಾಗಿ ತುಂಬಿ, ಜೊತೆಗೆ ತೇಲಲು ಮುಚ್ಚಳ ಬಿಗಿದ ಎರಡು ಖಾಲಿ ಬಾಟಲಿ ಹಾಕಿ ಬಿಡಿ. ವಾರಕ್ಕೊಮ್ಮೆ ಎತ್ತಿ ನೋಡಿ. ಭಾರವಾಗಿದ್ದರೆ ಡ್ರಮ್ಮಿನ ಮೇಲೆ ಹಿಂಡಿ, ಹೊಸದು ಹಾಕಿ. ಹಿಂಡಿದ ಕೂದಲು ಪಾಲಿಕೆಯ ಕಸದ ಗಾಡಿಗೆ ಹೋಗಬಾರದು, ಸುಡಲೂಬಾರದು. ಅದೀಗ ಎಣ್ಣೆಯ ತ್ಯಾಜ್ಯ. ಮುಚ್ಚಿದ ಡಬ್ಬಿಯಲ್ಲಿಟ್ಟು, ಎಲ್ಲಿಗೆ ಒಪ್ಪಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡ ಕಚೇರಿಯನ್ನು ಕೇಳಿ. ಈ ತೊಂದರೆ ಬೇಡವೆನ್ನುವ ಗ್ಯಾರೇಜಿನಲ್ಲಿ ಕೂದಲು ಹಾಕಲೇಬೇಡಿ, ಗುಂಡಿಯೊಂದೇ ಸಾಕು. ಮೇಲಿನ ಎಣ್ಣೆಯನ್ನು ಮಗ್ಗಿನಿಂದ ತೆಗೆದರಾಯಿತು.

ಮೊದಲು ನಾಲ್ಕೈದು ಗ್ಯಾರೇಜು ಆರಿಸಿಕೊಳ್ಳಿ. ನಾಲಾದ ಹತ್ತಿರದವು, ಮಾಲೀಕರು ನಿಮ್ಮ ಹುಡುಗರ ಪರಿಚಯದವರಾದರೆ ಒಳ್ಳೆಯದು. ಹೋಗುವ ದಿನ ನನಗೂ ತಿಳಿಸಿ, ಧಾರವಾಡದಿಂದ ಬಂದುಬಿಡುತ್ತೇನೆ. ಭಾನುವಾರ ಬೇಡ, ಬಹಳಷ್ಟು ಗ್ಯಾರೇಜು ಮುಚ್ಚಿರುತ್ತವೆ. ಮಳೆ ಹಿಡಿಯುವುದಕ್ಕೆ ಮುಂಚೆ ಗುಂಡಿಯ ಸಿಮೆಂಟು ಒಣಗಿರಬೇಕು.